ಲಂಗರು ಜಾರುತ್ತಿದೆಯೇ? ಹಿನ್ನೀರಿನ ಸಣ್ಣ ಹಾಯಿದೋಣಿಗೆ ದೋಷ ನಿವಾರಣೆ ಕೈಪಿಡಿ

ಲಂಗರು ಮೇಲೆತ್ತಿದ ಕೂಡಲೇ ಅದನ್ನು ನೀರಲ್ಲಿ ಜಾಲಾಡಿಸಿ ತೊಳೆಯಬೇಡಿ. ದೋಣಿ ಕೆಸರಾಗುತ್ತೆ ಅಂತ ಎಲ್ಲರೂ ಮಾಡುವುದು ಅದನ್ನೇ. ಆದರೆ ದೋಣಿ ಯಾಕೆ ಜಾರಿತು ಅನ್ನೋದಕ್ಕೆ ಸಾಕ್ಷಿ ಇರುವುದು ಆ ಕೆಸರಿನಲ್ಲೇ. ಮೊದಲು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ಆಮೇಲೆ ತೊಳೆಯಿರಿ.

ನಾನು ಹಾಸನದವನು. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಅನುಮತಿ ಪಡೆದು 14 ಅಡಿಯ ಹಾಯಿದೋಣಿ ಇಟ್ಟುಕೊಂಡಿದ್ದೇನೆ. ಲಂಗರಿನ ಬಗ್ಗೆ ಸಿಗುವ ಮಾಹಿತಿ ಬಹುಪಾಲು ಸಮುದ್ರದವರಿಗೆ ಬರೆದದ್ದು. ಅಲ್ಲಿ ಉಬ್ಬರ ಇಳಿತ, ಮರಳಿನ ತಳ. ನಮ್ಮಲ್ಲಿ ನೀರಿನಡಿ ಇರುವುದು ಮುಳುಗಿದ ಗದ್ದೆ, ಬದು, ಮರದ ಬುಡ, ಹಳೇ ಮನೆಗಳ ತಳಪಾಯ. ನೀರೂ ದಿನಕ್ಕೆರಡು ಸಲ ಏರಿ ಇಳಿಯುವುದಿಲ್ಲ, ಮಳೆಗಾಲದಲ್ಲಿ ಏರುತ್ತಲೇ ಹೋಗುತ್ತದೆ, ಬೇಸಿಗೆಯಲ್ಲಿ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ನಮ್ಮ ದೋಷಗಳೂ ಸ್ವಲ್ಪ ಬೇರೆ ಥರ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ತಪ್ಪು ಲಂಗರಿನದ್ದಲ್ಲ, ಹಗ್ಗದ್ದು. ಆದರೂ ಬೈಸಿಕೊಳ್ಳುವುದು ಲಂಗರೇ.

ಲಂಗರು ಏನು ತಂದಿದೆ?

ರೆಕ್ಕೆ (ಲಂಗರಿನ ನೆಲ ಕಚ್ಚುವ ಚಪ್ಪಟೆ ಭಾಗ) ಹೊಳೆಯುತ್ತಿದೆ, ಮಣ್ಣೇ ಅಂಟಿಲ್ಲ ಅಂದರೆ ಅದು ತಳಕ್ಕೆ ಕಚ್ಚಲೇ ಇಲ್ಲ. ಗಟ್ಟಿ ನೆಲದ ಮೇಲೆ ಉಜ್ಜಿಕೊಂಡು ಬಂದಿದೆ, ಇಲ್ಲವೇ ಸರಪಳಿ ರೆಕ್ಕೆಗೆ ಸುತ್ತಿಕೊಂಡು ಮಗುಚಿ ಬಿದ್ದಿತ್ತು.

ತುದಿಗೆ ಮಾತ್ರ ಒಂದೆರಡು ಬೆರಳು ಮಣ್ಣು ಇದ್ದರೆ ಗೀಚುತ್ತಾ ಬಂದಿದೆ. ಕಚ್ಚುವುದಕ್ಕೆ ಶುರು ಮಾಡಿತ್ತು, ನೀವು ಸಮಯ ಕೊಡಲಿಲ್ಲ.

ರೆಕ್ಕೆ ಪೂರ್ತಿ ಮುಳುಗಿ ಕಾವಿನ (ಲಂಗರಿನ ಉದ್ದ ದಂಡದ) ಮೇಲೂ, ಅದಕ್ಕೆ ಸರಪಳಿ ಸೇರಿಸುವ ಕೊಂಡಿ ಶ್ಯಾಕಲ್‌ವರೆಗೂ ಕೆಸರು ಮೆತ್ತಿದೆ, ಆದರೂ ದೋಣಿ ಜಾರಿದೆ. ಇದನ್ನು ಸರಿಯಾಗಿ ನೋಡಿಕೊಳ್ಳಿ. ಲಂಗರು ಒಳ್ಳೆಯದೇ, ಆಳಕ್ಕೂ ಇಳಿದಿತ್ತು. ಯಾವುದೋ ಮೇಲಕ್ಕೆ ಎಳೆದು ಕಿತ್ತಿದೆ. ಅಂದರೆ ಹಗ್ಗ ಸಾಲಲಿಲ್ಲ.

ಜೊಂಡು, ಪಾಚಿ, ನೀರು ಬಳ್ಳಿ ಉಂಡೆಯಾಗಿ ಬಂದಿದ್ದರೆ ಲಂಗರು ಗಿಡ ಹಿಡಿದುಕೊಂಡಿತ್ತು, ನೆಲವನ್ನಲ್ಲ. ಜಾಗ ಬದಲಿಸುವುದೊಂದೇ ದಾರಿ. ಎರಡು ಅಗಲ ರೆಕ್ಕೆಯ ಡ್ಯಾನ್‌ಫೋರ್ತ್ ಇದ್ದರೆ ರೆಕ್ಕೆಗೂ ಕಾವಿಗೂ ನಡುವಿನ ಸಂದು ನೋಡಿ. ಅಲ್ಲಿ ನಿಂಬೆಕಾಯಿ ಗಾತ್ರದ ಒಂದು ಕಲ್ಲು ಅಥವಾ ಕಡ್ಡಿ ಸಿಕ್ಕಿಕೊಂಡರೆ ಸಾಕು, ರೆಕ್ಕೆ ತಿರುಗುವುದಿಲ್ಲ, ಎಷ್ಟು ಸಲ ಹಾಕಿದರೂ ಕಚ್ಚುವುದಿಲ್ಲ.

ಸರಪಳಿಯನ್ನೂ ನೋಡಿ. ಎಷ್ಟು ಕೊಂಡಿಗೆ ಕೆಸರು ಹತ್ತಿದೆಯೋ ಅಷ್ಟು ನೆಲದ ಮೇಲೆ ಮಲಗಿತ್ತು. ಒಂದು ಕೊಂಡಿಗೂ ಹತ್ತಿಲ್ಲ ಅಂದರೆ ಉತ್ತರ ಅಲ್ಲೇ ಇದೆ, ಹಗ್ಗ ಸಾಲಲಿಲ್ಲ, ಮುಂದೆ ಹುಡುಕಬೇಕಿಲ್ಲ.

ನಿಜವಾಗಿ ಜಾರುತ್ತಿದೆಯಾ, ಅಥವಾ ಸುಮ್ನೆ ತಿರುಗುತ್ತಿದೆಯಾ?

ಲಂಗರು ಎತ್ತುವ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳಬೇಕು. ಗಾಳಿ ದಿಕ್ಕು ಬದಲಾದರೆ ದೋಣಿ ಲಂಗರಿನ ಸುತ್ತ ದೊಡ್ಡ ಅರ್ಧ ವೃತ್ತ ಹೊಡೆಯುತ್ತದೆ. ದಡ ನೋಡಿದವರಿಗೆ ಗಾಬರಿ. ಆತುರಪಟ್ಟು ಚೆನ್ನಾಗಿ ಕಚ್ಚಿದ್ದ ಲಂಗರನ್ನು ಕಿತ್ತು ಮತ್ತೆ ಹಾಕಿ ಕಷ್ಟ ಪಟ್ಟವರು ತುಂಬಾ ಜನ.

ದೋಣಿಯ ಪಕ್ಕಕ್ಕೆ, ಅಂದರೆ ಎಡ ಅಥವಾ ಬಲಕ್ಕೆ, ದಡದ ಮೇಲೆ ಒಂದರ ಹಿಂದೆ ಒಂದು ಇರುವ ಎರಡು ಗುರುತು ಹಿಡಿಯಿರಿ. ನಾನು ಶೆಟ್ಟಿಹಳ್ಳಿ ಕಡೆ ನಿಲ್ಲಿಸಿದಾಗ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಪಾಳು ಚರ್ಚಿನ ಗೋಡೆ ತುದಿ ಮತ್ತು ಅದರ ಹಿಂದಿನ ಒಂದು ಮರ, ಎರಡನ್ನೂ ಒಂದೇ ಗೆರೆಗೆ ತಂದುಕೊಳ್ಳುತ್ತೇನೆ. ಹತ್ತು ನಿಮಿಷ ಬಿಟ್ಟು ನೋಡಿದಾಗ ಗೆರೆ ಹಾಗೇ ಇದ್ದರೆ ಅಥವಾ ಆಚೆ ಈಚೆ ಆಡಿ ಮತ್ತೆ ಕೂಡಿದರೆ ಭಯವಿಲ್ಲ. ಗುರುತುಗಳು ಒಂದೇ ಕಡೆಗೆ ಬೇರೆಯಾಗುತ್ತಲೇ ಹೋದರೆ ಜಾರುತ್ತಿದೆ. (ಚರ್ಚಿನ ಹತ್ತಿರಕ್ಕೆ ಹೋಗಿ ಲಂಗರು ಹಾಕಬೇಡಿ. ನೀರಿನಡಿ ಬಿದ್ದ ಕಲ್ಲುಗಳಿವೆ. ಆ ಗೋಡೆಗಳು ಈಗಾಗಲೇ ಸೋತಿವೆ, ಹಗ್ಗ ಕಟ್ಟುವುದಂತೂ ಬೇಡವೇ ಬೇಡ.)

ಇನ್ನೊಂದು ಪರೀಕ್ಷೆ ಕೈಯಿಂದ. ದೋಣಿಯ ಮುಂತುದಿಯ ಹತ್ತಿರ ಕೂತು ಬಿಗಿಯಾದ ಹಗ್ಗದ ಮೇಲೆ ಅಂಗೈ ಇಡಿ. ಲಂಗರು ಹಿಡಿದಿದ್ದರೆ ಹಗ್ಗ ಬಿಗಿಯಾಗಿ, ಸಮವಾಗಿ ಎಳೆಯುತ್ತಿರುತ್ತದೆ. ಗರಸು ನೆಲದಲ್ಲಿ ಜಾರುತ್ತಿದ್ದರೆ ಕಟಕಟ ಅಂತ ನಡುಕ ಕೈಗೆ ಬರುತ್ತದೆ, ಎತ್ತಿನ ಗಾಡಿ ಕಲ್ಲು ದಾರಿಯಲ್ಲಿ ಹೋದ ಹಾಗೆ. ಆದರೆ ಮೆತ್ತನೆ ಗೋಡಿನಲ್ಲಿ, ಅಂದರೆ ಹೂಳಿನಲ್ಲಿ, ಈ ನಡುಕ ಇರುವುದಿಲ್ಲ, ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಸದ್ದಿಲ್ಲದೆ ಜಾರುತ್ತದೆ. ಅದಕ್ಕೇ ಕೈ ಮತ್ತು ಕಣ್ಣು ಎರಡೂ ಬೇಕು.

ಹಗ್ಗದ ಲೆಕ್ಕ

ಲಂಗರು ತೂಕದಿಂದ ಹಿಡಿಯುವುದಿಲ್ಲ, ನೆಲ ಕಚ್ಚಿ ಹಿಡಿಯುತ್ತದೆ. ಉತ್ತವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಳೆತ ಅಡ್ಡಕ್ಕಿದ್ದರೆ ಗುಳ ಮಣ್ಣಿಗೆ ಇಳಿಯುತ್ತದೆ, ಮೇಲಕ್ಕಾದರೆ ನೆಲ ಬಿಟ್ಟು ಎದ್ದು ಬರುತ್ತದೆ. ನೇಗಿಲು ಆಕಾರದ ಲಂಗರೂ ಇದೆಯಲ್ಲ, ಸಿಕ್ಯೂಆರ್ ಅಂತ, 1933ರಲ್ಲಿ ಜೆಫ್ರಿ ಟೇಲರ್ ಎಂಬ ಇಂಗ್ಲಿಷ್ ವಿಜ್ಞಾನಿ ಮಾಡಿದ್ದು. ಭಾರೀ ತೂಕವಿಲ್ಲದೆ, ಬರೀ ಆಕಾರದ ಬಲದಿಂದ ನೆಲ ಕಚ್ಚುವಂತೆ ಮಾಡಿದ್ದೇ ಅದರ ದೊಡ್ಡತನ. ಆದರೆ ಎಳೆತ ಮೇಲಕ್ಕಾದರೆ ಅದೂ ಕಿತ್ತು ಬರುತ್ತದೆ.

ಎಳೆತ ಅಡ್ಡಕ್ಕೆ ಬರಬೇಕಾದರೆ ಹಗ್ಗ ಉದ್ದ ಇರಬೇಕು. ನೀರಿನ ಆಳಕ್ಕೆ, ನೀರಿನಿಂದ ದೋಣಿಯ ಮುಂತುದಿ ಎಷ್ಟು ಮೇಲಿದೆ ಅನ್ನೋದನ್ನು ಸೇರಿಸಿ. ಬಹಳ ಜನ ಮರೆಯುವುದು ಈ ಎರಡನೆಯದ್ದನ್ನು. 12 ಅಡಿ ನೀರು, 2 ಅಡಿ ಮುಂತುದಿ, ಒಟ್ಟು 14. ಅದರ ಐದು ಪಟ್ಟು, 70 ಅಡಿ, ಸಾಧಾರಣ ಗಾಳಿಗೆ. ಏಳು ಪಟ್ಟು, ಸುಮಾರು 100 ಅಡಿ, ರಾತ್ರಿ ನಿಲ್ಲಿಸುವುದಕ್ಕೆ. ಬಿರುಗಾಳಿ ಇದ್ದರೆ ಹತ್ತು ಪಟ್ಟು. ಮೂರು ಪಟ್ಟು ಬಿಟ್ಟರೆ ಬಿಗಿಯಾದ ಹಗ್ಗ ನೆಲದಿಂದ ಹೆಚ್ಚು ಕಡಿಮೆ 20 ಡಿಗ್ರಿ ಮೇಲೇಳುತ್ತದೆ, ಐದು ಪಟ್ಟಿಗೆ 11ರಿಂದ 12, ಏಳಕ್ಕೆ 8. ಇಪ್ಪತ್ತಕ್ಕೂ ಎಂಟಕ್ಕೂ ನಡುವಿನ ಆ ಹನ್ನೆರಡು ಡಿಗ್ರಿಯ ವ್ಯತ್ಯಾಸವೇ ದೋಣಿ ನಿಲ್ಲುವುದಕ್ಕೂ ಹೋಗುವುದಕ್ಕೂ ಇರುವ ವ್ಯತ್ಯಾಸ.

ನಂಬಿಕೆ ಬರದಿದ್ದರೆ ದಡದ ಹಸಿ ಕೆಸರಿನಲ್ಲಿ ಮಾಡಿ ನೋಡಿ. ನಾನೂ ನನ್ನ ಮಾವನ ಮಗನೂ ಹೀಗೇ ಮಾಡಿದೆವು. ಮೂರು ಕೆಜಿಯ ಲಂಗರನ್ನು ಕೆಸರಿನ ಮೇಲಿಟ್ಟು, ಬಗ್ಗಿ, ಹಗ್ಗವನ್ನು ಮೊಣಕಾಲಿಗಿಂತ ಕೆಳಗೇ ಹಿಡಿದು ಎಳೆದೆವು. ಮೊದಲು ಒಂದು ಗೇಣು ಜಾರಿತು, ಆಮೇಲೆ ರೆಕ್ಕೆಯ ತುದಿ ಬಾಗಿ ಮಣ್ಣೊಳಗೆ ಹೊಕ್ಕಿತು, ಹಿಂದೆ ಮಣ್ಣು ಉಬ್ಬಿತು, ಕಾವು ಅರ್ಧ ಮುಚ್ಚಿಹೋಯಿತು. ಇಬ್ಬರೂ ಹಿಮ್ಮಡಿ ಊರಿ ಎಳೆದರೂ ಅಲುಗಲಿಲ್ಲ. ಅವನು ಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು ಎರಡು ಹೆಜ್ಜೆ ಹತ್ತಿರ ಬಂದ. ಒಬ್ಬನೇ ಎಳೆದ. ಪಚಕ್ ಅಂತ ಎದ್ದು ಬಂತು. ಅದೇ ಲಂಗರು, ಅದೇ ಕೆಸರು.

ಹಗ್ಗ ಅಳೆಯುವುದಕ್ಕೆ ಟೇಪು ಬೇಡ. ಮಾರು ಸಾಕು. ಎರಡೂ ಕೈ ಅಗಲ ಚಾಚಿದರೆ ಒಂದು ಮಾರು, ಹತ್ತಿರ ಹತ್ತಿರ 6 ಅಡಿ. ನಿಮ್ಮ ಮಾರು ಒಮ್ಮೆ ಅಳೆದಿಟ್ಟುಕೊಳ್ಳಿ, ಐದು ಮಾರಿಗೊಂದು ಬಣ್ಣದ ದಾರ ಕಟ್ಟಿ. ಕತ್ತಲಲ್ಲೂ ಬೆರಳಿಗೆ ಸಿಗಬೇಕು, ಹಾಗಾಗಿ ಹತ್ತಕ್ಕೆ ಎರಡು ಗಂಟು, ಹದಿನೈದಕ್ಕೆ ಮೂರು.

ನೀರು ಏರಿದಾಗ

ಸಮುದ್ರದವರಿಗೆ ಹೊಳೆಯದ, ನಮಗೆ ಮಾತ್ರ ಬರುವ ದೋಷ ಇದು. ದೋಣಿ ಮೊದಲ ದಿನ ಚೆನ್ನಾಗಿ ನಿಲ್ಲುತ್ತದೆ, ಎರಡನೇ ದಿನವೂ. ಮೂರೋ ನಾಲ್ಕೋ ದಿನಕ್ಕೆ, ಯಾರೂ ಮುಟ್ಟದೆ, ತಾನಾಗಿ ಜಾರುತ್ತದೆ.

ಒಂದು ಜುಲೈನಲ್ಲಿ 12 ಅಡಿ ನೀರಿನಲ್ಲಿ 70 ಅಡಿ ಹಗ್ಗ ಬಿಟ್ಟು ಊರಿಗೆ ಬಂದಿದ್ದೆ. ದಡದಲ್ಲಿ ತೆಪ್ಪ ಕಟ್ಟುತ್ತಿದ್ದ ಮೀನುಗಾರರೊಬ್ಬರು ಹೇಳಿಯೇ ಹೇಳಿದ್ದರು: "ನೀರು ಏರ್ತಾ ಐತೆ ಕಣಣ್ಣ, ಹಗ್ಗ ಇನ್ನೊಂಚೂರು ಬುಡಿ." ಐದು ಪಟ್ಟು ಇದೆ, ಸಾಕು ಅಂದುಕೊಂಡೆ. ಸಕಲೇಶಪುರದ ಕಡೆ ಮಳೆ ಹಿಡಿದುಕೊಂಡಿತು. ನಾಲ್ಕು ದಿನದಲ್ಲಿ ನಾನು ನಿಲ್ಲಿಸಿದ ಜಾಗದಲ್ಲಿ 8 ಅಡಿ ನೀರು ಏರಿತ್ತು. ಲೆಕ್ಕ ಹಾಕಿ: 12ಕ್ಕೆ 8 ಸೇರಿ 20, ಮುಂತುದಿ ಸೇರಿ 22. ಅದೇ 70 ಅಡಿ ಹಗ್ಗ ಈಗ ಬರೀ ಮೂರು ಪಟ್ಟು ಚಿಲ್ಲರೆ. ಪಡುವಣ ಗಾಳಿ ಬೇರೆ. ದೋಣಿ ಆಚೆ ದಡದ ಅಕೇಶಿಯಾ ಗಿಡಗಳ ನಡುವೆ ಸಿಕ್ಕಿತು, ಚುಕ್ಕಾಣಿ ಮುರಿದಿತ್ತು. ಲಂಗರನ್ನು ಎತ್ತಿದಾಗ ಶ್ಯಾಕಲ್‌ವರೆಗೆ ಕೆಸರು. ಪಾಪ, ಅದು ತನ್ನ ಕೆಲಸ ಮಾಡಿತ್ತು.

ಇದಕ್ಕೆ ಪರಿಹಾರ ದಿನಪತ್ರಿಕೆಯಲ್ಲಿದೆ. ಜಲಾಶಯದ ಮಟ್ಟ ದಿನಾ ಬರುತ್ತದೆ ಅಲ್ವಾ? ಹೇಮಾವತಿಯ ಪೂರ್ಣ ಮಟ್ಟ 2922 ಅಡಿ, ಲಕ್ಕವಳ್ಳಿಯ ಭದ್ರಾದು 186 ಅಡಿ. ಹೇಮಾವತಿಯಲ್ಲಿ ಅಳತೆ ಸಮುದ್ರ ಮಟ್ಟದಿಂದ, ಭದ್ರಾದಲ್ಲಿ ಲೆಕ್ಕವೇ ಬೇರೆ, ಆದರೆ ನಮಗೆ ಬೇಕಿರುವುದು ವ್ಯತ್ಯಾಸ ಮಾತ್ರ. ನೀವು ಲಂಗರು ಹಾಕಿದ ದಿನದ ಮಟ್ಟ ಬರೆದಿಟ್ಟುಕೊಳ್ಳಿ. ಇವತ್ತಿನ ಮಟ್ಟದಲ್ಲಿ ಅದನ್ನು ಕಳೆಯಿರಿ. ಬಂದ ಅಡಿ ಎಷ್ಟೋ ಅಷ್ಟು ನಿಮ್ಮ ದೋಣಿಯ ಕೆಳಗೂ ಏರಿದೆ. ಏರಿದ ಪ್ರತಿ ಅಡಿಗೆ ಐದರಿಂದ ಏಳು ಅಡಿ ಹಗ್ಗ ಬೇಕು. ಮುಂಗಾರಿನಲ್ಲಿ ದೋಣಿ ಬಿಟ್ಟು ಬರುವವರು ಪೂರ್ಣ ಮಟ್ಟಕ್ಕೇ ಲೆಕ್ಕ ಹಾಕಿ ಹಗ್ಗ ಬಿಟ್ಟು ಬನ್ನಿ. ದೋಣಿ ದೊಡ್ಡ ವೃತ್ತ ತಿರುಗುತ್ತದೆ, ಅಷ್ಟು ಜಾಗ ಸುತ್ತ ಖಾಲಿ ಇರಬೇಕು.

ನೀರು ಇಳಿಯುವಾಗ ಉಲ್ಟಾ ತೊಂದರೆ. ಹಗ್ಗ ಜಾಸ್ತಿಯಾಗಿ ದೋಣಿ ತಿರುಗಿ ತಿರುಗಿ ದಡಕ್ಕೆ ಬಡಿಯುತ್ತದೆ, ಇಲ್ಲವೇ ಒಂದು ಬೆಳಿಗ್ಗೆ ಕೆಸರಿನ ಮೇಲೆ ಕೂತಿರುತ್ತದೆ.

ಹಗ್ಗ ಯಾವುದು, ಗಂಟು ಯಾವುದು

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಕಡೆ ಹಗ್ಗ ಕೇಳಿದರೆ ಮೊದಲು ಕೈಗೆ ಬರುವುದು ನೀಲಿ, ಹಸಿರು, ಹಳದಿ ಪ್ಲಾಸ್ಟಿಕ್ ಹಗ್ಗ. ಅದು ನೀರಿನ ಮೇಲೆ ತೇಲುತ್ತದೆ. ಲಂಗರಿಗೆ ಅದು ಬೇಡ. ತೇಲುವ ಹಗ್ಗ ಎಳೆತವನ್ನು ಮೇಲಕ್ಕೆತ್ತುತ್ತದೆ, ಸಡಿಲ ಇದ್ದಾಗ ಮೇಲೆ ಹರಡಿಕೊಂಡು ತೆಪ್ಪದವರ ಹುಟ್ಟಿಗೂ ಮೋಟಾರ್ ದೋಣಿಯ ಫ್ಯಾನಿಗೂ ಸಿಕ್ಕಿಕೊಳ್ಳುತ್ತದೆ, ನುಣುಪು ಜಾಸ್ತಿ ಇರುವುದರಿಂದ ಗಂಟು ಬಿಚ್ಚಿಕೊಳ್ಳುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ. ನೈಲಾನ್ ಮುಳುಗುತ್ತದೆ, ಎಳೆದಾಗ ರಬ್ಬರಿನ ಹಾಗೆ ಸ್ವಲ್ಪ ಹಿಗ್ಗುತ್ತದೆ. ಗಾಳಿ ಜಗ್ಗಿದ ಏಟು ಆ ಹಿಗ್ಗುವಿಕೆಯಲ್ಲೇ ಕರಗಿಹೋಗುತ್ತದೆ, ಲಂಗರಿಗೆ ತಲುಪುವುದಿಲ್ಲ. 14-16 ಅಡಿ ದೋಣಿಗೆ 10 ಮಿ.ಮೀ. ನೈಲಾನ್ ಧಾರಾಳ.

ಹಗ್ಗಕ್ಕೂ ಲಂಗರಿಗೂ ನಡುವೆ ಎರಡು ಮೂರು ಮೀಟರ್ 6 ಮಿ.ಮೀ. ಜಿಐ ಸರಪಳಿ ಹಾಕಿ. ಅದು ಕಾವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಕಲ್ಲಿಗೆ ಹಗ್ಗ ಸವೆಯದಂತೆ ಕಾಯುತ್ತದೆ. ಶ್ಯಾಕಲ್ಲಿನ ಪಿನ್ನು ತಾನಾಗಿ ತಿರುಗಿ ಬಿಚ್ಚಿಕೊಳ್ಳುವುದು ಸಾಮಾನ್ಯ ದೋಷ. ಹಗ್ಗ ಮೇಲೆತ್ತಿದರೆ ತುದಿಯಲ್ಲಿ ಏನೂ ಇಲ್ಲ! ಪಿನ್ನಿನ ತೂತಿಗೆ ತುಕ್ಕು ಹಿಡಿಯದ ತಂತಿ ತೂರಿಸಿ ಬಿಗಿದು ಕಟ್ಟಿ. ಸೆಂಟ್ರಿಂಗ್ ಕೆಲಸದ ಬೈಂಡಿಂಗ್ ವೈರ್ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ತುಂಡಾಗುತ್ತದೆ. ಹಗ್ಗದ ಇನ್ನೊಂದು ತುದಿ ದೋಣಿಗೆ ಕಟ್ಟಿದೆಯಾ, ಅದನ್ನೂ ಹಾಕುವ ಮುಂಚೆ ನೋಡಿ. ಹಗ್ಗ ದೋಣಿಯ ಅಂಚಿಗೆ ಉಜ್ಜುವ ಜಾಗದಲ್ಲಿ ತೋಟಕ್ಕೆ ನೀರು ಬಿಡುವ ಹಳೇ ಪೈಪ್ ಸೀಳಿ ತೊಡಿಸಿದರೆ ಸವೆತ ನಿಲ್ಲುತ್ತದೆ.

ಕಲ್ಲು ಕಟ್ಟಿದರೆ ಆಗಲ್ವಾ ಅಂತ ಕೇಳುತ್ತಾರೆ. ತೆಪ್ಪಕ್ಕೆ ಆಗುತ್ತದೆ, ಅದಕ್ಕೆ ಗಾಳಿ ಹಿಡಿಯುವ ಕಂಬ ಇಲ್ಲ. ಹತ್ತು ಕೆಜಿ ಕಲ್ಲು ನೀರೊಳಗೆ ಆರು ಕೆಜಿ ಚಿಲ್ಲರೆ ಮಾತ್ರ ತೂಗುತ್ತದೆ, ಕಾಂಕ್ರೀಟ್ ಇನ್ನೂ ಕಡಿಮೆ. ಗಾಳಿಯ ವೇಗ ಎರಡು ಪಟ್ಟಾದರೆ ದೋಣಿಯ ಮೇಲಿನ ಎಳೆತ ನಾಲ್ಕು ಪಟ್ಟಾಗುತ್ತದೆ. ಕಲ್ಲು ಅದಕ್ಕೆ ನಿಲ್ಲುವುದಿಲ್ಲ.

ಹಾಕುವಾಗ ಆಗುವ ತಪ್ಪು

ಎಸೆಯಬೇಡಿ. ಎಸೆದರೆ ಸರಪಳಿ ಗುಡ್ಡೆಯಾಗಿ ಲಂಗರಿನ ಮೇಲೇ ಬೀಳುತ್ತದೆ. ಗಾಳಿಗೆ ಎದುರಾಗಿ ಬನ್ನಿ, ಹಾಯಿ ಸಡಿಲ ಬಿಡಿ, ದೋಣಿ ಪೂರ್ತಿ ನಿಂತು ಹಿಂದಕ್ಕೆ ಸರಿಯಲು ಶುರುವಾದ ಮೇಲೆ ಲಂಗರನ್ನು ಕೈಯಿಂದ ಇಳಿಸಿ. ತಳ ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ. ದೋಣಿ ಹಿಂದೆ ಹೋದಂತೆ ಹಗ್ಗ ಬಿಡುತ್ತಾ ಹೋಗಿ. ಮೂರು ಪಟ್ಟಿಗೆ ಒಮ್ಮೆ ಮೆಲ್ಲಗೆ ಹಿಡಿದು ತುದಿ ಕಚ್ಚಲು ಬಿಡಿ, ಉಳಿದದ್ದನ್ನು ಆಮೇಲೆ ಬಿಡಿ. ಕೊನೆಗೆ ಗಟ್ಟಿಯಾಗಿ ಕಟ್ಟಿ ಹಿಂದಕ್ಕೆ ಎಳೆದು ನೋಡಬೇಕು. ಮೋಟಾರ್ ಇಲ್ಲದವರು ಬೂಮನ್ನು (ಹಾಯಿಯ ಕೆಳ ಅಂಚಿನ ಅಡ್ಡ ಕೋಲನ್ನು) ಕೈಯಿಂದ ಪಕ್ಕಕ್ಕೆ ತಳ್ಳಿ ಹಿಡಿದರೆ ಹಾಯಿಗೆ ಮುಂದಿನಿಂದ ಗಾಳಿ ತುಂಬಿ ದೋಣಿ ಹಿಂದಕ್ಕೆ ಹೋಗುತ್ತದೆ. ದಡದ ಗುರುತು ಆಗ ಅಲುಗದಿದ್ದರೆ ಮಾತ್ರ ನಂಬಿ.

ಲಂಗರನ್ನು ಯಾವತ್ತೂ ದೋಣಿಯ ಹಿಂದಿನಿಂದ ಕಟ್ಟಬೇಡಿ. ಹಿಂಭಾಗ ತಗ್ಗು, ಚಪ್ಪಟೆ. ಅಲೆ ಅದಕ್ಕೆ ಎದುರಾಗಿ ಬಂದರೆ ನೇರ ಒಳಗೆ ನುಗ್ಗುತ್ತದೆ. ಸಣ್ಣ ದೋಣಿ ತುಂಬುವುದಕ್ಕೆ ಎರಡು ಮೂರು ಅಲೆ ಸಾಕು. ಇದರಿಂದ ಪ್ರಾಣ ಹೋಗುತ್ತದೆ, ದಯವಿಟ್ಟು ನೆನಪಿಡಿ. ಹಾಗೇ ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದರೆ ಲಂಗರು ಎಷ್ಟೇ ಗಟ್ಟಿ ಇರಲಿ, ನೀರಿನ ಮೇಲೆ ಕೂರಬೇಡಿ. ಆ ಬಯಲಿನಲ್ಲಿ ನಿಮ್ಮ ದೋಣಿಯ ಕಂಬವೇ ಎಲ್ಲಕ್ಕಿಂತ ಎತ್ತರ.

ತಳ ಹೇಗಿದೆ?

ಹಳೇ ನಾವಿಕರ ಉಪಾಯ ಒಂದಿದೆ, ಖರ್ಚಿಲ್ಲದ್ದು. ಸೀಸದ ಗುಂಡನ್ನು ದಾರಕ್ಕೆ ಕಟ್ಟಿ ಅದರ ತಳಕ್ಕೆ ಗ್ರೀಸು ಅಥವಾ ನೆನೆದ ಸೋಪು ಮೆತ್ತಿ ಇಳಿಸಿ. ಆಳವೂ ಗೊತ್ತಾಯಿತು, ತಳದ ಚೂರೂ ಅಂಟಿಕೊಂಡು ಬಂತು. ಕರಿ ಗೋಡು ಬಂದರೆ ಅಗಲ ರೆಕ್ಕೆಯ ಲಂಗರು. ಕೆಂಪು ಜೇಡಿ ಬಂದರೆ ಯಾವುದಾದರೂ ಹಿಡಿಯುತ್ತದೆ. ಗರಸು ಬಂದರೆ, ಅಥವಾ ಏನೂ ಅಂಟದೆ ಸೋಪಿನಲ್ಲಿ ಬರೀ ಗುಳಿ ಬಿದ್ದಿದ್ದರೆ, ಅಲ್ಲಿಂದ ಹೊರಡಿ. ಕೊಡೆಯ ಹಾಗೆ ಮಡಚುವ ನಾಲ್ಕು ಹಲ್ಲಿನ ಲಂಗರು ಕಲ್ಲಿಗೆ ಮಾತ್ರ ಸರಿ. ಕೆಸರಿನಲ್ಲಿ ಅದನ್ನು ನಂಬಿ ಮಲಗಬೇಡಿ.

ಇದಕ್ಕಿಂತ ಒಳ್ಳೆಯ ಉಪಾಯ ನಮಗಿದೆ. ಸಮುದ್ರದವರು ತಾವು ಲಂಗರು ಹಾಕುವ ನೆಲವನ್ನು ಸಾಮಾನ್ಯವಾಗಿ ಕಣ್ಣಿಂದ ನೋಡಲಾರರು. ನಾವು ಮೇ ತಿಂಗಳಲ್ಲಿ ಅದರ ಮೇಲೆ ನಡೆಯಬಹುದು. ನೀರು ಇಳಿದಾಗ ಹೋಗಿ. ಎಲ್ಲಿ ಗದ್ದೆ ಬಯಲು, ಎಲ್ಲಿ ಬದು, ಎಲ್ಲಿ ಮರದ ಬುಡ, ಎಲ್ಲಿ ತಂತಿ ಬೇಲಿ, ಎಲ್ಲವನ್ನೂ ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಕೊಳ್ಳಿ. ಬಯಲು ಗದ್ದೆಯ ಮಣ್ಣು ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಲಂಗರು ಹಿಡಿದಿದೆ, ದೋಣಿ ಮಾತ್ರ ಸುಮ್ಮನಿರಲ್ಲ

ಆಚೆ ಈಚೆ ಓಡಾಡುತ್ತಾ ಪ್ರತಿ ಸಲವೂ ಲಂಗರನ್ನು ಜಗ್ಗುತ್ತದೆ. ಹಾಯಿ ಪೂರ್ತಿ ಇಳಿಸಿ ಸುತ್ತಿ ಕಟ್ಟಿ, ಚುಕ್ಕಾಣಿ ನಟ್ಟ ನಡುವೆ ಕಟ್ಟಿ. ದೋಣಿಯಡಿ ನೀರಿಗೆ ಇಳಿಬಿಡುವ ಹಲಗೆಯನ್ನು ಒಮ್ಮೆ ಎತ್ತಿ, ಒಮ್ಮೆ ಇಳಿಸಿ ನೋಡಿ, ಯಾವುದರಲ್ಲಿ ಶಾಂತವಾಗುತ್ತದೋ ಹಾಗೇ ಬಿಡಿ. ಬೇಲೂರಿನ ಯಗಚಿ ಜಲಾಶಯದಂಥ ಕಡೆ ಸ್ಪೀಡ್ ಬೋಟಿನ ಅಲೆಯೂ ಇರುತ್ತದೆ, ಅವು ಓಡುವ ದಾರಿಯಿಂದ ದೂರ ನಿಲ್ಲಿಸಿ. ರಾತ್ರಿಗೆ ಒಂದು ಬಿಳಿ ದೀಪ ಎತ್ತರಕ್ಕೆ ಕಟ್ಟಿ, ಬಲೆ ಹಾಕಲು ಬರುವವರಿಗೆ ಕಾಣಲಿ.

ಲಂಗರು ಮೇಲೆ ಬರುತ್ತಿಲ್ಲ

ಹಗ್ಗ ನೆಟ್ಟಗಾಗುವವರೆಗೆ ಎಳೆದುಕೊಳ್ಳಿ. ಎಲ್ಲರೂ ಮುಂದೆ ಬಂದು ಕೂತು, ಹಗ್ಗ ಬಿಗಿದು ಕಟ್ಟಿ, ಮೆಲ್ಲಗೆ ಹಿಂದಕ್ಕೆ ಸರಿಯಿರಿ. ದೋಣಿಯೇ ಸನ್ನೆಗೋಲಿನ ಹಾಗೆ ಎತ್ತುತ್ತದೆ. ಮುಂತುದಿ ನೀರಿನ ಮಟ್ಟಕ್ಕೆ ಬರುವಷ್ಟು ಬಿಗಿಯಬೇಡಿ. ಆಗಲಿಲ್ಲ ಅಂದರೆ ಹಾಕಿದ ದಿಕ್ಕಿಗೆ ಎದುರು ಕಡೆಯಿಂದ ಎಳೆಯಿರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಬಿಡಿಸುತ್ತೇನೆ ಅಂತ ನೀರಿಗೆ ಇಳಿಯಲೇಬೇಡಿ, ಕೆಳಗೆ ಕೊಂಬೆ, ತಂತಿ, ಹಳೇ ಬಲೆ ಇರುತ್ತವೆ. ಬೇರೆಯವರ ಬಲೆಗೆ ಸಿಕ್ಕಿದ್ದರೆ ಬಲೆ ಕತ್ತರಿಸಬೇಡಿ, ನಿಮ್ಮ ಹಗ್ಗ ಬಿಡಿ. ಬಲೆ ಅವರ ಅನ್ನ.

ಹಗ್ಗ ಬಿಡಬೇಕಾದರೆ ತುದಿಗೆ ಖಾಲಿ ಕ್ಯಾನ್ ಕಟ್ಟಿ, ಜಾಗವನ್ನು ಫೋನಿನಲ್ಲಿ ಗುರುತು ಹಾಕಿ. ನಾನು ಒಂದು ನವೆಂಬರಿನಲ್ಲಿ ಬಿಟ್ಟ ಲಂಗರು ಮುಂದಿನ ಮೇ ತಿಂಗಳಲ್ಲಿ ಒಣ ನೆಲದ ಮೇಲೆ ಸಿಕ್ಕಿತು. ಕ್ಯಾನು ಎಲ್ಲೋ ಹೋಗಿತ್ತು, ಹಗ್ಗ ಬಿರುಕು ಬಿಟ್ಟ ಮಣ್ಣಿನ ಮೇಲೆ ಹಾವಿನ ಹಾಗೆ ಮಲಗಿತ್ತು. ಅದನ್ನೇ ಹಿಡಿದು ಹೋದೆ. ಒಂದು ರೆಕ್ಕೆ ಮಾವಿನ ಬುಡದ ಬೇರಿನಡಿ ತೂರಿಕೊಂಡಿತ್ತು, ನಾವು ನವೆಂಬರಿನಲ್ಲಿ ಎಳೆದಷ್ಟೂ ಇನ್ನೂ ಒಳಗೆ ಹೋಗಿದೆ. ಹಿಂದಕ್ಕೆ ಒಂದು ಗೇಣು ತಳ್ಳಿದೆ, ಬಿಟ್ಟುಕೊಂಡಿತು.

ಅವತ್ತಿನಿಂದ ಮರದ ಬುಡ ಇರುವ ಕಡೆ ಲಂಗರಿನ ರೆಕ್ಕೆ ಕೂಡುವ ತಲೆಯ ತೂತಿಗೆ ಬೇರೆ ಒಂದು ಸಣ್ಣ ಹಗ್ಗ ಕಟ್ಟಿ, ಅದರ ಮೇಲ್ತುದಿಗೆ ಸಣ್ಣ ಕ್ಯಾನ್ ಕಟ್ಟಿಯೇ ಇಳಿಸುತ್ತೇನೆ. ಆಳಕ್ಕಿಂತ ನಾಲ್ಕೈದು ಅಡಿ ಉದ್ದ ಇರಬೇಕು, ನೀರು ಏರುವ ಕಾಲದಲ್ಲಿ ಇನ್ನೂ ಜಾಸ್ತಿ. ಸಿಕ್ಕಿಕೊಂಡರೆ ದೊಡ್ಡ ಹಗ್ಗ ಸಡಿಲ ಬಿಟ್ಟು ಈ ಸಣ್ಣದನ್ನು ಹಿಡಿದು ಎತ್ತಿದರೆ, ಲಂಗರು ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ.